ಅರ್ಜಿಯೇ ಹಾಕದ ಊರುಗಳ ಲೆಕ್ಕ ಯಾರ ಬಳಿ ಇದೆ?



ಈ ಸಲ ಮಾತು ಸ್ವಲ್ಪ ದೂರದಿಂದ ಶುರುವಾಗುತ್ತದೆ. ಇಂಗ್ಲೆಂಡಿನ ಈಶಾನ್ಯಕ್ಕೆ ಡರ್ಹಮ್ ಎಂಬ ಕೌಂಟಿ ಇದೆ. ಒಂದು ಕಾಲಕ್ಕೆ ಕಲ್ಲಿದ್ದಲ ಗಣಿಗಳಿಂದ ತುಂಬಿದ್ದ ನಾಡು. ಗಣಿಗಳು ಮುಚ್ಚಿ ದಶಕಗಳೇ ಕಳೆದಿವೆ. 2011ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ ಐದು ಲಕ್ಷಕ್ಕೂ ಮಿಕ್ಕಿ ಇತ್ತು. ಲಂಡನ್ನಿನ ನಡುವೆ ವೆಸ್ಟ್‌ಮಿನ್‌ಸ್ಟರ್ ಇದೆ. ಪಾರ್ಲಿಮೆಂಟು, ಅರಮನೆ, ಒಪೆರಾ ಹೌಸು ಎಲ್ಲ ಇರುವ ಜಾಗ. ಅಲ್ಲಿನ ಜನಸಂಖ್ಯೆ ಎರಡು ಲಕ್ಷದ ಇಪ್ಪತ್ತು ಸಾವಿರದ ಆಸುಪಾಸು.

ಬ್ರಿಟನ್ನಿನಲ್ಲಿ 1994ರ ನವೆಂಬರಿನಲ್ಲಿ ರಾಷ್ಟ್ರೀಯ ಲಾಟರಿ ಶುರುವಾಯಿತು. ಟಿಕೆಟ್ ಹಣದಲ್ಲಿ ಒಂದು ಪಾಲು ಒಳ್ಳೆಯ ಕೆಲಸಗಳಿಗೆ ಹೋಗುತ್ತದೆ. ಅದರಲ್ಲಿ ಕಲೆಯ ಪಾಲನ್ನು ಇಂಗ್ಲೆಂಡಿನಲ್ಲಿ ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್ ಎಂಬ ಸಂಸ್ಥೆ ಹಂಚುತ್ತದೆ. ಬೇಕಾದವರು ಅರ್ಜಿ ಹಾಕಬೇಕು, ಅವರು ನೋಡಿ ಕೊಡುತ್ತಾರೆ. ಪೀಟರ್ ಸ್ಟಾರ್ಕ್, ಕ್ರಿಸ್ಟೋಫರ್ ಗಾರ್ಡನ್, ಡೇವಿಡ್ ಪೊವೆಲ್ ಎಂಬ ಮೂವರು ಯಾರ ಹಂಗೂ ಇಲ್ಲದೆ ಕೂತು ಇದರ ಲೆಕ್ಕ ತೆಗೆದರು. 2014ರಲ್ಲಿ ಬಂದ ಅವರ ವರದಿಯ ಪ್ರಕಾರ 1995ರಿಂದ ಡರ್ಹಮ್ ಕೌಂಟಿಯ ಜನ ಟಿಕೆಟ್ ಕೊಂಡು ಕಲೆಯ ನಿಧಿಗೆ ಹಾಕಿದ್ದು 3.4 ಕೋಟಿ ಪೌಂಡ್, ಅವರ ಊರುಗಳಿಗೆ ವಾಪಸ್ ಬಂದಿದ್ದು 1.2 ಕೋಟಿ ಪೌಂಡ್. ವೆಸ್ಟ್‌ಮಿನ್‌ಸ್ಟರಿನವರು ಹಾಕಿದ್ದು 1.45 ಕೋಟಿ, ಅಲ್ಲಿಗೆ ಬಂದಿದ್ದು 40.8 ಕೋಟಿ ಪೌಂಡ್!

ಇಲ್ಲಿ ಒಂದು ಮಾತು ಹೇಳಲೇಬೇಕು. ವೆಸ್ಟ್‌ಮಿನ್‌ಸ್ಟರಿಗೆ ಬಂದ ಹಣವೆಲ್ಲ ಅಲ್ಲಿನ ನಿವಾಸಿಗಳ ಮನರಂಜನೆಗೆ ಬಂದದ್ದಲ್ಲ. 1995ರಲ್ಲಿ ರಾಯಲ್ ಒಪೆರಾ ಹೌಸಿನ ಕಟ್ಟಡಕ್ಕೊಂದೇ 7.85 ಕೋಟಿ ಪೌಂಡ್ ಲಾಟರಿ ಹಣ ಮಂಜೂರಾಯಿತು. ಇಡೀ ದೇಶದವರು ಬಂದು ನೋಡುವ ಜಾಗ ಅದು, ಅದನ್ನು ತಲಾವಾರು ಲೆಕ್ಕಕ್ಕೆ ಹಾಕಬಾರದು ಎಂದು ಲಂಡನ್ನಿನವರ ವಾದ. ಪೂರ್ತಿ ತಳ್ಳಿಹಾಕುವ ವಾದವಲ್ಲ. ಆದರೆ ಡರ್ಹಮ್ಮಿನ ನಿವೃತ್ತ ಗಣಿ ಕಾರ್ಮಿಕ ರೈಲು ಹತ್ತಿ ಮೂರು ಗಂಟೆ ಕೂತು ಲಂಡನ್ನಿಗೆ ಹೋಗಿ, ರಾತ್ರಿ ಹೋಟೆಲ್ ಬಾಡಿಗೆ ಕೊಟ್ಟು ಒಪೆರಾ ನೋಡಿ ಬರುತ್ತಾನೆಂದು ನಂಬಬೇಕಾದರೆ ಬಹಳ ದೊಡ್ಡ ಮನಸ್ಸು ಬೇಕು. ಟಿಕೆಟ್ ಕೊಂಡವನು ಅವನು, ಆಟ ನೋಡುವವರು ಬೇರೆಯವರು.

ಇದೇ ಮೂವರು 2013ರಲ್ಲಿ ಇನ್ನೊಂದು ವರದಿ ತಂದಿದ್ದರು. 2012-13ರಲ್ಲಿ ಸರ್ಕಾರದ ಬೊಕ್ಕಸದಿಂದ ಆರ್ಟ್ಸ್ ಕೌನ್ಸಿಲ್ ಮೂಲಕ ಕಲೆಗೆ ಹೋದ ಹಣ ಲಂಡನ್ನಿನಲ್ಲಿ ತಲೆಗೆ 20 ಪೌಂಡ್, ಇಂಗ್ಲೆಂಡಿನ ಉಳಿದ ಭಾಗದಲ್ಲಿ ತಲೆಗೆ 3.60 ಪೌಂಡ್. ದೊಡ್ಡ ಮ್ಯೂಸಿಯಮ್ಮುಗಳಿಗೆ ಸರ್ಕಾರ ನೇರವಾಗಿ ಕೊಡುವುದನ್ನೂ ಸೇರಿಸಿದರೆ ಸುಮಾರು 69 ಪೌಂಡಿಗೆ 4.60 ಪೌಂಡ್. ಹದಿನೈದು ಪಟ್ಟು. ಗದ್ದಲ ಜೋರಾಗಿ, 2014ರಲ್ಲಿ ಪಾರ್ಲಿಮೆಂಟಿನ ಸಮಿತಿಯೇ ಈ ಅಸಮತೋಲನ ಸರಿಪಡಿಸಿ ಎಂದಿತು.

ಇದೆಲ್ಲ ನಮಗೇಕೆ ಎನ್ನುತ್ತೀರಾ? ನಾನು ಮ್ಯಾಂಚೆಸ್ಟರ್ ಕಡೆ ಇರುವವನು, ಹೊಟ್ಟೆಪಾಡಿಗೆ ಡೇಟಾಬೇಸ್ ನೋಡಿಕೊಳ್ಳುವವನು, ಊರು ಬಾಗಲಕೋಟೆ ಜಿಲ್ಲೆ. ಈ ದೇಶದ ಜಗಳ ಓದುತ್ತಾ ಹೋದಂತೆ ಪ್ರತಿ ಪುಟದಲ್ಲೂ ನನಗೆ ನಮ್ಮೂರೇ ಕಂಡಿತು. ಅದಕ್ಕೇ ಬರೆಯುತ್ತಿದ್ದೇನೆ.

ಈ ಚರ್ಚೆ ಎದ್ದಾಗಲೆಲ್ಲ ಅನುದಾನ ಹಂಚುವ ಯಾವ ಸಂಸ್ಥೆಯಾದರೂ ಎತ್ತಿ ಹಿಡಿಯುವ ಒಂದು ಗುರಾಣಿ ಇದೆ. ಅದರ ಹೆಸರು ಯಶಸ್ಸಿನ ದರ. ಅರ್ಜಿ ಹಾಕಿದ ನೂರು ಜನರಲ್ಲಿ ಎಷ್ಟು ಮಂದಿಗೆ ಸಿಕ್ಕಿತು ಎಂಬ ಲೆಕ್ಕ. ಎರಡು ಪ್ರದೇಶಗಳಲ್ಲಿ ಈ ದರ ಹತ್ತಿರ ಹತ್ತಿರ ಇದ್ದರೆ ಭೇದಭಾವ ಇಲ್ಲ ಎಂದಾಯಿತು, ಮುಂದಿನ ಪ್ರಶ್ನೆ ಕೇಳಿ ಎನ್ನುತ್ತಾರೆ.

ಅರ್ಥವಾಗಲಿ ಎಂದು ನಾನೇ ಕಟ್ಟಿದ ಒಂದು ಲೆಕ್ಕ ನೋಡಿ. ಎರಡು ಜಿಲ್ಲೆಗಳಿವೆ, ಎರಡರಲ್ಲೂ ಒಂದೇ ಜನಸಂಖ್ಯೆ. ಮೊದಲನೆಯದರಿಂದ 1,000 ಅರ್ಜಿ ಬಂತು, 400ಕ್ಕೆ ಹಣ ಸಿಕ್ಕಿತು. ಎರಡನೆಯದರಿಂದ 50 ಅರ್ಜಿ ಬಂತು, 20ಕ್ಕೆ ಸಿಕ್ಕಿತು. ಎರಡೂ ಕಡೆ ಯಶಸ್ಸಿನ ದರ ನೂರಕ್ಕೆ 40! ಕಾಗದದ ಮೇಲೆ ಅಪ್ಪಟ ನ್ಯಾಯ. ನೆಲದ ಮೇಲೆ ಒಂದು ಜಿಲ್ಲೆಗೆ ಇನ್ನೊಂದರ ಇಪ್ಪತ್ತು ಪಟ್ಟು. ಶಾಲೆಯಲ್ಲಿ ಕಲಿತ ಅಂಶ-ಛೇದ ನೆನಪಿದೆಯಲ್ಲ? ಇಲ್ಲಿ ಮೋಸ ಇರುವುದು ಛೇದದಲ್ಲಿ. ಛೇದದಲ್ಲಿ ಕೂತಿರುವುದು ಜನರಲ್ಲ, ಬಾಗಿಲವರೆಗೆ ಬಂದವರು ಮಾತ್ರ. ಬಾಗಿಲಿಗೇ ಬರದವನು ಯಾವ ಲೆಕ್ಕದಲ್ಲೂ ಇಲ್ಲ. ನಮ್ಮ ಕೆಲಸದಲ್ಲೂ ಇದು ದಿನಾ ಎದುರಾಗುವ ಸಮಸ್ಯೆ. ಎರರ್ ಲಾಗ್ ಖಾಲಿ ಇದೆ ಎಂದರೆ ಸಿಸ್ಟಮ್ ಚೆನ್ನಾಗಿ ಓಡುತ್ತಿದೆ ಎಂದಲ್ಲ, ಅದು ಬೂಟೇ ಆಗಿಲ್ಲದಿರಬಹುದು.

ದರದಲ್ಲಿ ವ್ಯತ್ಯಾಸ ಕಂಡರೂ ಕೂಡಲೇ ಪಕ್ಷಪಾತ ಎಂದು ಕೂಗುವುದಕ್ಕೂ ಆಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. 1973ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪ್ರವೇಶದಲ್ಲಿ ಗಂಡಸರಿಗೆ ನೂರಕ್ಕೆ 44, ಹೆಂಗಸರಿಗೆ 35 ಸೀಟು ಸಿಕ್ಕಿತ್ತು. ವಿಭಾಗವಾರು ಬಿಡಿಸಿ ನೋಡಿದರೆ ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದ ವಿಭಾಗಗಳಲ್ಲೇ ಎಲ್ಲರಿಗೂ ಸೀಟು ಕಷ್ಟ ಇತ್ತು. ಕಲೆಯ ಅನುದಾನದಲ್ಲೂ ಹಾಗೆಯೇ. ಒಂದು ಪ್ರದೇಶದವರು ಕಟ್ಟಡಕ್ಕೆ ಕೇಳುತ್ತಿರಬಹುದು, ಇನ್ನೊಂದು ಪ್ರದೇಶದವರು ಒಂದು ದಿನದ ಉತ್ಸವಕ್ಕೆ. ಯೋಜನೆವಾರು ಬಿಡಿಸದ ಒಟ್ಟು ದರ ಯಾರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ.

ಹಾಗಾದರೆ ಕೆಲವು ಊರಿನವರು ಬಾಗಿಲವರೆಗೆ ಏಕೆ ಬರುವುದಿಲ್ಲ?

ಇಲ್ಲಿ ನಮ್ಮ ಕಡೆಯ ಒಂದು ಸಣ್ಣ ಕನ್ನಡ ಗುಂಪು ಮಕ್ಕಳಿಗೆ ಡೊಳ್ಳು ಕಲಿಸುವ ಕಮ್ಮಟ ಮಾಡಬೇಕೆಂದು ಒಂದು ಸ್ಥಳೀಯ ನಿಧಿಗೆ ಅರ್ಜಿ ಹಾಕಿತು. ನಾನೂ ಅದರಲ್ಲಿದ್ದೆ. ಅರ್ಜಿಯಲ್ಲಿ ಡೊಳ್ಳಿನ ಬಗ್ಗೆ ಕೇಳಿದ್ದೇ ಕಡಿಮೆ. ಇದರ ಔಟ್‌ಕಮ್ ಏನು, ಯಾರೊಡನೆ ಎಂಗೇಜ್‌ಮೆಂಟ್, ಲೆಗಸಿ ಏನು ಉಳಿಯುತ್ತದೆ, ಅಗತ್ಯ ಇದೆ ಎನ್ನುವುದಕ್ಕೆ ಪುರಾವೆ ಏನು... ನಾವು ನೇರವಾಗಿ, ಮಕ್ಕಳು ಡೊಳ್ಳು ಕಲಿಯುತ್ತಾರೆ, ಊರಿನವರು ನೋಡುತ್ತಾರೆ ಎಂದು ಬರೆದೆವು. ಎರಡು ಸಾಲಿನ ಉತ್ತರ ಬಂತು, ಅಗತ್ಯಕ್ಕೆ ಸಾಕಷ್ಟು ಪುರಾವೆ ಇಲ್ಲ ಎಂದು. ಮರುವರ್ಷ ಇಂಥ ಅರ್ಜಿಗಳಲ್ಲಿ ಪಳಗಿದ ಒಬ್ಬ ನಿವೃತ್ತ ಶಿಕ್ಷಕಿ ಅದೇ ಯೋಜನೆಯನ್ನು ಅವರದೇ ಭಾಷೆಯಲ್ಲಿ ತಿರುಗಿಸಿ ಬರೆದುಕೊಟ್ಟರು. ಹಣ ಮಂಜೂರಾಯಿತು. ಅದೇ ಡೊಳ್ಳು, ಅದೇ ಮಕ್ಕಳು, ಬಜೆಟ್ಟೂ ಅದೇ. ಬದಲಾದದ್ದು ವಾಕ್ಯಗಳು ಮಾತ್ರ. ನಾವೆಲ್ಲ ಇಂಗ್ಲಿಷಿನಲ್ಲಿ ದಿನವಿಡೀ ಈಮೇಲ್ ಬರೆದು ಸಂಬಳ ತೆಗೆದುಕೊಳ್ಳುವ ಜನ, ನೆನಪಿರಲಿ.

ಇಂಗ್ಲಿಷ್ ಗೊತ್ತಿರುವುದು ಬೇರೆ, ಅರ್ಜಿಯ ಇಂಗ್ಲಿಷ್ ಗೊತ್ತಿರುವುದು ಬೇರೆ. ದೊಡ್ಡ ನಗರದ ದೊಡ್ಡ ಸಂಸ್ಥೆಗಳಲ್ಲಿ ಅರ್ಜಿ ಬರೆಯುವುದಕ್ಕೇ ಸಂಬಳದವರು ಇರುತ್ತಾರೆ. ಬೆಳಗ್ಗೆಯಿಂದ ಸಂಜೆವರೆಗೆ ಅವರ ಕೆಲಸ ಅದೇ. ಹಿಂದಿನ ಸಲ ಯಾವ ಪದ ಕೆಲಸ ಮಾಡಿತು ಎಂದು ಅವರಿಗೆ ಗೊತ್ತು. ಒಮ್ಮೆ ಹಣ ಸಿಕ್ಕರೆ ಅದರ ವರದಿ, ಫೋಟೋ, ಲೆಕ್ಕಪತ್ರ ಎಲ್ಲ ಮುಂದಿನ ಅರ್ಜಿಗೆ ಪುರಾವೆ. ಸಿಕ್ಕವರಿಗೇ ಮತ್ತೆ ಸಿಗುತ್ತದೆ. ಇನ್ನು ಜೊತೆಹಣದ ಶರತ್ತು. ಆರ್ಟ್ಸ್ ಕೌನ್ಸಿಲ್ ಲಾಟರಿ ಹಣದಿಂದ ಕೊಡುವ ಪ್ರಾಜೆಕ್ಟ್ ಅನುದಾನಕ್ಕೆ ಖರ್ಚಿನ ಕನಿಷ್ಠ ನೂರಕ್ಕೆ ಹತ್ತು ಬೇರೆ ಮೂಲದಿಂದ ಬರಬೇಕೆಂಬುದು ಸಾಮಾನ್ಯ ನಿಯಮ. ಹತ್ತೇ ತಾನೇ ಎನಿಸುತ್ತದೆ. ಲಂಡನ್ನಿನಲ್ಲಿ ಬ್ಯಾಂಕುಗಳಿವೆ, ದಾನಿಗಳಿದ್ದಾರೆ, ದುಬಾರಿ ಟಿಕೆಟ್ ಕೊಳ್ಳುವವರಿದ್ದಾರೆ. ಗಣಿ ಮುಚ್ಚಿದ ಊರಿನಲ್ಲಿ ಆ ಹತ್ತನ್ನು ಯಾರ ಮನೆ ಬಾಗಿಲಿಗೆ ಹೋಗಿ ಕೇಳುವುದು? ಶರತ್ತು ಎಲ್ಲರಿಗೂ ಒಂದೇ, ಅದರ ಭಾರ ಒಂದೇ ಅಲ್ಲ.

ಬ್ರಿಟನ್ನಿನವರು ಇದನ್ನು ಸರಿಮಾಡಲು ಎರಡು ದಾರಿ ಹಿಡಿದರು. ಎರಡರಿಂದಲೂ ನಾವು ಕಲಿಯುವುದಿದೆ.

ಮೊದಲನೆಯದು ಕತ್ತರಿ ಹಿಡಿಯುವ ದಾರಿ. 2022ರ ಫೆಬ್ರವರಿಯಲ್ಲಿ ಆಗಿನ ಸಚಿವೆ ನಾಡೀನ್ ಡೋರಿಸ್, ಲಂಡನ್ನಿನಿಂದ ವರ್ಷಕ್ಕೆ 2.4 ಕೋಟಿ ಪೌಂಡ್ ಹೊರಗೆ ಸಾಗಿಸಿ ಎಂದು ಆರ್ಟ್ಸ್ ಕೌನ್ಸಿಲ್‌ಗೆ ಸೂಚನೆ ಕೊಟ್ಟರು. ಆ ನವೆಂಬರಿನಲ್ಲಿ ಮುಂದಿನ ಮೂರು ವರ್ಷದ ಪಟ್ಟಿ ಬಂತು. 1,700ಕ್ಕೂ ಹೆಚ್ಚು ಸಂಸ್ಥೆಗಳು ಕೇಳಿದ್ದವು, 990ಕ್ಕೆ ಸಿಕ್ಕಿತು. ವರ್ಷಕ್ಕೆ ಒಟ್ಟು 44.6 ಕೋಟಿ ಪೌಂಡ್. ವರ್ಷಕ್ಕೆ 1.26 ಕೋಟಿ ಪಡೆಯುತ್ತಿದ್ದ ಇಂಗ್ಲಿಷ್ ನ್ಯಾಷನಲ್ ಒಪೆರಾ ಪಟ್ಟಿಯಿಂದಲೇ ಹೊರಗೆ, ಹಣ ಬೇಕಾದರೆ ಲಂಡನ್ ಬಿಟ್ಟು ಹೋಗಿ ಎಂದರು. ದೊಡ್ಡ ರಾದ್ಧಾಂತವಾಗಿ ಒಂದಿಷ್ಟು ಹಣ ವಾಪಸ್ ಬಂತು. 2023ರ ಡಿಸೆಂಬರಿನಲ್ಲಿ ಹೊಸ ನೆಲೆಯಾಗಿ ನಮ್ಮ ಮ್ಯಾಂಚೆಸ್ಟರ್ ಪ್ರಾಂತ್ಯದ ಹೆಸರು ಹೇಳಿದರು.

ಈ ಕಡೆಯವನಾಗಿ ನಾನು ಖುಷಿಪಡಬೇಕಿತ್ತು. ಆದರೆ ಅದೇ ಪಟ್ಟಿಯಲ್ಲಿ ಏನಾಯಿತು ನೋಡಿ. ಮ್ಯಾಂಚೆಸ್ಟರಿನ ಮಗ್ಗುಲಲ್ಲೇ ಓಲ್ಡ್‌ಹ್ಯಾಮ್ ಎಂಬ ಊರಿದೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದು, ಈಗ ಬಡತನಕ್ಕೆ ಹೆಸರಾದ ಊರು. ಹಣ ಹೆಚ್ಚಾಗಿ ಹೋಗಬೇಕಾದ ಊರುಗಳೆಂದು ಸರ್ಕಾರವೇ ಗುರುತಿಸಿದ್ದವುಗಳಲ್ಲಿ ಅದೂ ಒಂದು. ಅಲ್ಲಿ ಕೊಲಿಸಿಯಮ್ ಎಂಬ ಹಳೆಯ ರಂಗಮಂದಿರ ಇತ್ತು. ಊರಿನ ಮಕ್ಕಳು ಮೊದಲ ನಾಟಕ ನೋಡಿದ್ದು ಅಲ್ಲಿ. ಅದಕ್ಕೆ ಬರುತ್ತಿದ್ದ ಅನುದಾನ ಆ ಪಟ್ಟಿಯಲ್ಲಿ ನಿಂತುಹೋಯಿತು. 2023ರ ಮಾರ್ಚ್ ಕೊನೆಯಲ್ಲಿ ಬಾಗಿಲು ಮುಚ್ಚಿತು! ಜನ ಹೋರಾಡಿದರು, ನಟರು ದನಿಗೂಡಿಸಿದರು, 2024ರಲ್ಲಿ ಅದನ್ನು ಮತ್ತೆ ತೆರೆಯುತ್ತೇವೆಂದು ಅಲ್ಲಿನ ಕೌನ್ಸಿಲ್ ಪ್ರಕಟಿಸಿತು. ಪ್ರಾದೇಶಿಕ ನ್ಯಾಯದ ಹೆಸರಿನಲ್ಲಿ ನಡೆದ ಹಂಚಿಕೆಯಲ್ಲೇ ಹಿಂದುಳಿದ ಊರಿನ ರಂಗಮಂದಿರ ಮುಚ್ಚುವುದೆಂದರೆ! ಅಲ್ಲಿಯ ಅರ್ಜಿ ಬಲವಾಗಿರಲಿಲ್ಲ, ಆಡಳಿತದಲ್ಲಿ ತೊಂದರೆ ಇತ್ತು ಎಂಬುದು ಕೊಟ್ಟ ಕಾರಣ. ಇರಬಹುದು. ಬಡ ಊರಿನ ರಂಗಮಂದಿರದ ಆಡಳಿತ ದುರ್ಬಲವಾಗಿರುವುದು ಹಣ ಕೊಡದಿರಲು ಕಾರಣವೋ, ಹಿಂದೆ ಹಣ ಬಾರದಿದ್ದುದರ ಪರಿಣಾಮವೋ ಎಂದು ಮಾತ್ರ ಯಾರೂ ಕೇಳಲಿಲ್ಲ.

ಎರಡನೆಯ ದಾರಿ ಸದ್ದಿಲ್ಲದ್ದು. ನನಗೆ ಹಿಡಿಸಿದ್ದು ಇದು. ಕ್ರಿಯೇಟಿವ್ ಪೀಪಲ್ ಅಂಡ್ ಪ್ಲೇಸಸ್ ಎಂಬ ಯೋಜನೆಯಲ್ಲಿ ಆರ್ಟ್ಸ್ ಕೌನ್ಸಿಲ್ 2012ರ ಸುಮಾರಿಗೆ ಲೆಕ್ಕವನ್ನೇ ತಿರುವಿಹಾಕಿತು. ಯಾರು ಕೇಳುತ್ತಾರೆ ಎಂದು ಕಾಯುವ ಬದಲು, ಯಾವ ಊರಿನ ಜನ ಕಲೆಯ ಕಾರ್ಯಕ್ರಮಗಳಿಗೆ ಅತಿ ಕಡಿಮೆ ಹೋಗುತ್ತಾರೆ ಎಂಬ ಸಮೀಕ್ಷೆ ಇಟ್ಟುಕೊಂಡು ಕೊನೆಯ ಐದನೇ ಒಂದು ಭಾಗದ ಊರುಗಳನ್ನು ಮಾತ್ರ ಕರೆಯಿತು. ಬೇರೆಯವರು ಅರ್ಜಿ ಹಾಕುವಂತೆಯೇ ಇಲ್ಲ. ಮೊದಲ ಸುತ್ತಿನಲ್ಲಿ 3.7 ಕೋಟಿ ಪೌಂಡ್, 21 ಜಾಗಗಳು. ಕಲಾ ಸಂಸ್ಥೆಗಳ ಜೊತೆ ಸ್ಥಳೀಯ ಸಮುದಾಯ ಸಂಘಗಳು, ವಸತಿ ಸಂಘಗಳು, ಗ್ರಂಥಾಲಯದಂಥವು ಕೂಡಿ ಗುಂಪು ಮಾಡಿಕೊಳ್ಳಬೇಕು, ಏನು ಬೇಕು ಎಂದು ಊರಿನವರು ಹೇಳಬೇಕು. ಬಾಗಿಲಿಗೆ ಬಾರದವರ ಮನೆಗೆ ಬಾಗಿಲೇ ಹೋಗುವ ಉಪಾಯ ಇದು.

ಕನ್ನಡಿಗರಾದ ನಮಗೆ ಇನ್ನೊಂದು ಮಾದರಿ ಇಲ್ಲಿಂದ ಪಶ್ಚಿಮಕ್ಕೆ ಒಂದೆರಡು ಗಂಟೆಯ ದಾರಿಯಲ್ಲಿದೆ. ವೇಲ್ಸ್! ಅಲ್ಲಿನ ಆರ್ಟ್ಸ್ ಕೌನ್ಸಿಲ್‌ಗೆ ನೀವು ವೆಲ್ಷ್ ಭಾಷೆಯಲ್ಲಿ ಅರ್ಜಿ ಹಾಕಬಹುದು. ಹಾಕಬಹುದು ಎನ್ನುವುದು ದೊಡ್ಡದಲ್ಲ. 2011ರ ವೆಲ್ಷ್ ಭಾಷಾ ಕಾನೂನಿನಡಿ ಬಂದ ನಿಯಮಗಳ ಪ್ರಕಾರ, ವೆಲ್ಷ್‌ನಲ್ಲಿ ಬಂದ ಅನುದಾನದ ಅರ್ಜಿಯನ್ನು ಇಂಗ್ಲಿಷಿನ ಅರ್ಜಿಗಿಂತ ಕೀಳಾಗಿ ನೋಡುವಂತಿಲ್ಲ. ಕೊನೆಯ ದಿನಾಂಕದಲ್ಲಾಗಲಿ, ತೀರ್ಮಾನ ತಿಳಿಸಲು ತೆಗೆದುಕೊಳ್ಳುವ ಸಮಯದಲ್ಲಾಗಲಿ ವ್ಯತ್ಯಾಸ ಮಾಡುವಂತಿಲ್ಲ. ಸುಮಾರು ಮೂವತ್ತು ಲಕ್ಷ ಜನರ ನಾಡು, ಅದರಲ್ಲೂ ವೆಲ್ಷ್ ಆಡುವವರು ಐದರಲ್ಲಿ ಒಬ್ಬರಷ್ಟೂ ಇಲ್ಲ. ನಾವು ಎಷ್ಟು ಕೋಟಿ?

ಈಗ ನಮ್ಮ ನಾಡಿಗೆ ಬರೋಣ.

ದೆಹಲಿಯ ಬಗ್ಗೆ ನಮ್ಮ ದೂರು ಹಳೆಯದು, ನ್ಯಾಯವಾದದ್ದು. 2020ರ ಫೆಬ್ರವರಿಯಲ್ಲಿ ಲೋಕಸಭೆಯಲ್ಲಿ ಸಂಸ್ಕೃತಿ ಸಚಿವರು ಕೊಟ್ಟ ಉತ್ತರ ನೀವೆಲ್ಲ ನೋಡಿದ್ದೀರಿ. ಮೂರು ವರ್ಷದಲ್ಲಿ ಸಂಸ್ಕೃತಕ್ಕೆ 643.84 ಕೋಟಿ ರೂ., ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಬಾಬ್ತಿನಲ್ಲಿ 3 ಕೋಟಿಯ ಆಸುಪಾಸು. ಇದು ಅರ್ಜಿ ಹಾಕಿ ಗೆಲ್ಲುವ ಹಣವಲ್ಲ, ಸರ್ಕಾರವೇ ಕೂತು ಬರೆಯುವ ಬಜೆಟ್. ಆದರೆ ಅರ್ಜಿ ಹಾಕುವ ಹಣದಲ್ಲೂ ಕಥೆ ಬೇರೆಯಿಲ್ಲ. ಕೇಂದ್ರದ ಏಳು ವಲಯ ಸಾಂಸ್ಕೃತಿಕ ಕೇಂದ್ರಗಳಿವೆ. ಕರ್ನಾಟಕ ಅದರಲ್ಲಿ ಎರಡಕ್ಕೆ ಸದಸ್ಯ, ಒಂದರ ಕಚೇರಿ ತಂಜಾವೂರಿನಲ್ಲಿ, ಇನ್ನೊಂದರದ್ದು ನಾಗಪುರದಲ್ಲಿ. ಏಳರಲ್ಲಿ ಒಂದರ ಕಚೇರಿಯೂ ನಮ್ಮ ನೆಲದಲ್ಲಿಲ್ಲ. ಕೇಂದ್ರ ಸರ್ಕಾರದ ಆಡಳಿತ ನುಡಿ ಹಿಂದಿ ಮತ್ತು ಇಂಗ್ಲಿಷ್. ಸಂವಿಧಾನದ 350ನೇ ವಿಧಿ, ಕುಂದುಕೊರತೆಯ ಅಹವಾಲನ್ನು ಕನ್ನಡದಲ್ಲಿ ಕೊಡುವ ಹಕ್ಕನ್ನು ನಿಮಗೆ ಕೊಟ್ಟಿದೆ. ಅಂದರೆ ಅನುದಾನ ಸಿಗಲಿಲ್ಲ ಎಂದು ಕನ್ನಡದಲ್ಲಿ ಅಳಬಹುದು, ಅನುದಾನ ಕೇಳುವ ನಮೂನೆ ಕನ್ನಡದಲ್ಲಿರಲಿ ಎಂದು ಒತ್ತಾಯಿಸಲು ಆ ವಿಧಿ ಸಾಲದು!

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮ ಪತ್ರಿಕೆಯ ಓದುಗರೆಲ್ಲ ತಲೆಯಾಡಿಸುತ್ತೀರಿ, ನನಗೆ ಗೊತ್ತು. ಆದರೆ ದೆಹಲಿಯ ಬಗ್ಗೆ ನಾವು ಹೇಳುವ ಇದೇ ಮಾತನ್ನು ಬೀದರಿನವರು ಬೆಂಗಳೂರಿನ ಬಗ್ಗೆ ಹೇಳಿದರೆ ಏನು ಉತ್ತರ ಕೊಡುತ್ತೇವೆ?

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿನ 175 ತಾಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಗುಲ್ಬರ್ಗ ವಿಭಾಗದವು. ಒಂದು ವಿಷಯ ಹೆಚ್ಚಿನವರು ಮರೆಯುತ್ತಾರೆ, ಅತ್ಯಂತ ಹಿಂದುಳಿದವುಗಳಲ್ಲಿ 13 ದಕ್ಷಿಣ ಕರ್ನಾಟಕದಲ್ಲೇ ಇದ್ದವು. ಆದ್ದರಿಂದ ಇದು ಉತ್ತರ-ದಕ್ಷಿಣ ಜಗಳವಲ್ಲ. ಅದು ಅಳೆದದ್ದು ಬೇಸಾಯ, ಕೈಗಾರಿಕೆ, ರಸ್ತೆ, ಆಸ್ಪತ್ರೆ, ಶಾಲೆ, ಬ್ಯಾಂಕು. ಎಲ್ಲ ಬೇಕಾದದ್ದೇ. ಒಂದು ತಾಲೂಕಿನಲ್ಲಿ ರಂಗಮಂದಿರ ಇದೆಯೇ, ಅಲ್ಲಿನ ಮೇಳಕ್ಕೆ ಸರ್ಕಾರದ ಒಂದು ರೂಪಾಯಿ ಹೋಗಿದೆಯೇ ಎಂಬುದು ಹಿಂದುಳಿದಿರುವಿಕೆಯ ಲೆಕ್ಕಕ್ಕೆ ಬರಲಿಲ್ಲ. 2024ರಲ್ಲಿ ಸರ್ಕಾರ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ನೇಮಿಸಿತು. ಸಂಸ್ಕೃತಿಯ ಹಣವನ್ನೂ ತಾಲೂಕುವಾರು ಅಳೆಯುವ ಅಭ್ಯಾಸ ಇನ್ನಾದರೂ ಶುರುವಾಗಬೇಕು.

ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ ಸಂಸ್ಥೆಗಳಿಗೆ, ಕಲಾವಿದರಿಗೆ ಧನಸಹಾಯ ಕೊಡುತ್ತದೆ. ಅರ್ಜಿ ಕನ್ನಡದಲ್ಲೇ ಇದೆ, ಸೇವಾ ಸಿಂಧು ಪೋರ್ಟಲ್ಲಿನಲ್ಲಿ ಹಾಕುವ ವ್ಯವಸ್ಥೆಯೂ ಬಂದಿದೆ. ದೆಹಲಿಗಿಂತ ಎಷ್ಟೋ ವಾಸಿ, ಮೆಚ್ಚಬೇಕಾದದ್ದೇ. ಅಕಾಡೆಮಿಗಳೂ ಎಲ್ಲ ಬೆಂಗಳೂರಿನಲ್ಲೇ ಇಲ್ಲ. ತುಳು, ಕೊಂಕಣಿ, ಬ್ಯಾರಿ ಅಕಾಡೆಮಿಗಳು ಮಂಗಳೂರಿನಲ್ಲಿ, ಕೊಡವ ಅಕಾಡೆಮಿ ಮಡಿಕೇರಿಯಲ್ಲಿ, ಬಯಲಾಟ ಅಕಾಡೆಮಿ ನಮ್ಮ ಬಾಗಲಕೋಟೆಯಲ್ಲಿವೆ. ಇನ್ನೇನು ಬೇಕು?

ನಮ್ಮ ಕಾಕಾ ಒಬ್ಬರಿದ್ದಾರೆ, ಘಟಪ್ರಭಾ ದಂಡೆಯ ಹಳ್ಳಿಯಲ್ಲಿ. ಹರೆಯದಿಂದ ಶ್ರೀಕೃಷ್ಣ ಪಾರಿಜಾತದ ಮೇಳದಲ್ಲಿ ಇರುವವರು. ಕೌಜಲಗಿ ನಿಂಗಮ್ಮನವರ ಆಟ ನೋಡಿದ್ದೇನೆಂದು ಇಂದಿಗೂ ಎದೆಯುಬ್ಬಿಸಿ ಹೇಳುತ್ತಾರೆ. ಸರ್ಕಾರದ ಸಹಾಯಕ್ಕೆ ಅರ್ಜಿ ಹಾಕಿದ್ದೀರಾ ಎಂದು ಫೋನಿನಲ್ಲಿ ಕೇಳಿದೆ. "ತಮ್ಮಾ, ಆಟ ಆಡಂದ್ರ ಬೆಳತನಕಾ ಆಡ್ತೀವಿ. ಆ ಕಾಗದಾ ತುಂಬೂದು ನಮ್ಮಿಂದ ಆಗಂಗಿಲ್ಲ ನೋಡು," ಎಂದರು. ಯಾಕೆ ಕಾಕಾ, ಕನ್ನಡದಲ್ಲೇ ಇದೆಯಲ್ಲ ಎಂದೆ. "ಕನ್ನಡದಾಗ ಐತಿ. ಆದ್ರ ಅದು ನಮ್ಮ ಕನ್ನಡ ಅಲ್ಲ," ಎಂದರು.

ನಕ್ಕುಬಿಟ್ಟೆ. ಆಮೇಲೆ ಕೂತು ಯೋಚಿಸಿದರೆ ನಗು ನಿಂತಿತು. ಸಂಘ ನೋಂದಣಿಯಾಗಿರಬೇಕು. ನವೀಕರಣವಾಗಿರಬೇಕು. ಲೆಕ್ಕಪರಿಶೋಧನೆ ವರದಿ ಬೇಕು, ಅದಕ್ಕೆ ಪಟ್ಟಣಕ್ಕೆ ಹೋಗಿ ಆಡಿಟರ್ ಹಿಡಿಯಬೇಕು, ಅವನ ಫೀಸು ಕೊಡಬೇಕು. ಮಾಡಿದ ಆಟಗಳ ಆಹ್ವಾನ ಪತ್ರಿಕೆ, ಪತ್ರಿಕೆಯ ಕಟಿಂಗು, ಫೋಟೋ ಬೇಕು. ಜಾತ್ರೆಯಲ್ಲಿ ರಾತ್ರಿ ಹತ್ತಕ್ಕೆ ಶುರುವಾಗಿ ಕೋಳಿ ಕೂಗುವವರೆಗೆ ನಡೆಯುವ ಆಟಕ್ಕೆ ಯಾರು ಆಹ್ವಾನ ಪತ್ರಿಕೆ ಅಚ್ಚು ಹಾಕಿಸುತ್ತಾರೆ? ಊರಿಗೆ ಊರೇ ಸಾಕ್ಷಿ, ಆದರೆ ಊರನ್ನು ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಲು ಬರುವುದಿಲ್ಲವಲ್ಲ! ಬೆಂಗಳೂರಿನ ಬಸವನಗುಡಿಯ ಸಂಸ್ಥೆಗೆ ಇದೆಲ್ಲ ಒಂದು ಮಧ್ಯಾಹ್ನದ ಕೆಲಸ. ಅವರ ತಪ್ಪೇನೂ ಇಲ್ಲ, ಅವರೂ ಕನ್ನಡದ ಕೆಲಸವನ್ನೇ ಮಾಡುತ್ತಿದ್ದಾರೆ. ಆದರೆ ಕಾಕಾನ ಮೇಳ ಇಲಾಖೆಯ ತಿರಸ್ಕೃತರ ಪಟ್ಟಿಯಲ್ಲೂ ಇಲ್ಲ. ಅದರ ಯಶಸ್ಸಿನ ದರ ಸೊನ್ನೆಯೂ ಅಲ್ಲ, ಲೆಕ್ಕದಲ್ಲೇ ಇಲ್ಲದ್ದು.

ಹಳ್ಳಿಯವರಿಂದ ಆಗುವುದಿಲ್ಲ ಎಂದೇನೂ ಅಲ್ಲ. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, 1980ರ ದಶಕದಲ್ಲಿ ಫೋರ್ಡ್ ಫೌಂಡೇಶನ್ನಿನ ನೆರವಿನಿಂದ ಜನಸ್ಪಂದನ ಎಂಬ ಯೋಜನೆ ನಡೆಸಿ ಹಳ್ಳಿ ಹಳ್ಳಿಗೆ ಸಿನಿಮಾ, ನಾಟಕ ಒಯ್ದಿತು. 1985ರಿಂದ ಅವರ ತಿರುಗಾಟ ನಾಡೆಲ್ಲ ಸುತ್ತಿದೆ. ಆದರೆ ಹೆಗ್ಗೋಡಿಗೆ ಕೆ.ವಿ. ಸುಬ್ಬಣ್ಣ ಇದ್ದರು. ಅಡಿಕೆ ತೋಟದಲ್ಲಿ ನಿಂತು ಜಗತ್ತಿನೊಡನೆ ಅದರದೇ ಮಾತಿನಲ್ಲಿ ವ್ಯವಹರಿಸಬಲ್ಲವರು. ಪ್ರತಿ ತಾಲೂಕಿಗೆ ಒಬ್ಬ ಸುಬ್ಬಣ್ಣ ಹುಟ್ಟಲಿ ಎಂದು ಕಾಯುವುದು ಸಾಂಸ್ಕೃತಿಕ ನೀತಿ ಆಗುವುದಿಲ್ಲ.

ಬೆಂಗಳೂರಿನಲ್ಲೇ 1993ರಿಂದ ಇರುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಎಂಬ ಖಾಸಗಿ ಸಂಸ್ಥೆ ಕನ್ನಡವೂ ಸೇರಿ ಭಾರತದ ಭಾಷೆಗಳಲ್ಲಿ ಪ್ರಸ್ತಾವನೆ ತೆಗೆದುಕೊಳ್ಳುತ್ತದೆ. ಅದರ ಕಲಿ-ಕಲಿಸು ಕಾರ್ಯಕ್ರಮದಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳ ಮೇಷ್ಟರುಗಳು ಅನುದಾನ ಪಡೆದು, ತಮ್ಮೂರಿನ ಕಲೆಯನ್ನು ಪಾಠದೊಳಗೆ ತಂದಿದ್ದಾರೆ. ದುಡ್ಡು ಕೊಡುವವರು ಮೇಷ್ಟರ ಬಳಿಗೆ ಹೋದರು, ಮೇಷ್ಟರ ಭಾಷೆಯಲ್ಲಿ ಕೇಳಿದರು, ಬಂತು.

ಇಲಾಖೆಯಿಂದ ನಾನು ಕೇಳುವುದು ಕತ್ತರಿಯಲ್ಲ. ಬೆಂಗಳೂರಿನ ಸಂಸ್ಥೆಗಳ ಅನುದಾನ ಕಿತ್ತು ಹಂಚಿದರೆ ಓಲ್ಡ್‌ಹ್ಯಾಮಿನ ಕಥೆಯೇ ಆಗುತ್ತದೆ. ಪ್ರತಿ ಜಿಲ್ಲೆಯ ಕನ್ನಡ ಭವನದಲ್ಲಿ ಅರ್ಜಿ ಬರೆದುಕೊಡಲೆಂದೇ ಒಬ್ಬರು ಕೂರಲಿ. ಕಲಾವಿದ ಬಾಯಲ್ಲಿ ಹೇಳಲಿ, ಅವರು ಬರೆಯಲಿ. ಮೊದಲ ಸಲ ಕೇಳುವ ಮೇಳಕ್ಕೆ ಸಣ್ಣ ಮೊತ್ತವಾದರೆ ಆಡಿಟ್ ವರದಿ ಬೇಡ, ಗ್ರಾಮ ಪಂಚಾಯಿತಿಯ ಒಂದು ಪತ್ರ ಸಾಕು. ಆಟದ ವಿಡಿಯೋವನ್ನೇ ಪುರಾವೆ ಎಂದು ಒಪ್ಪಲಿ, ಈಗ ಪ್ರತಿ ಹಳ್ಳಿಯಲ್ಲೂ ಅದನ್ನು ತೆಗೆಯುವ ಹುಡುಗರಿದ್ದಾರೆ. ಮತ್ತು ಪ್ರತಿ ವರ್ಷ ತಾಲೂಕುವಾರು ಮೂರು ಸಂಖ್ಯೆ ಪ್ರಕಟವಾಗಲಿ: ಬಂದ ಅರ್ಜಿ, ಮಂಜೂರಾದ ಅರ್ಜಿ, ಮಂಜೂರಾದ ರೂಪಾಯಿ. ಈಗ 230ಕ್ಕೂ ಹೆಚ್ಚು ತಾಲೂಕುಗಳಿವೆ, ಒಂದು ಸ್ಪ್ರೆಡ್‌ಶೀಟಿನಲ್ಲಿ ಅಷ್ಟೇ ಸಾಲು. ಸೊನ್ನೆ ಇರುವ ಸಾಲುಗಳನ್ನು ಕೆಂಪು ಮಾಡಿ ಮುಂದಿನ ವರ್ಷ ಅಲ್ಲಿಂದ ಕೆಲಸ ಶುರು ಮಾಡಲಿ.

ಪ್ರಕಟಿಸುವವರೆಗೆ ಕಾಯಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೇ ಪ್ರಕರಣದಡಿ ಸಹಾಯಧನ ಪಡೆದವರ ವಿವರವನ್ನು ಇಲಾಖೆಗಳು ತಾವಾಗಿಯೇ ಪ್ರಕಟಿಸಬೇಕು. ಬಂದ ಅರ್ಜಿಗಳ ಸಂಖ್ಯೆ ಅದರಲ್ಲಿ ಬರುವುದಿಲ್ಲ, ಅದನ್ನು ಕೇಳಿಯೇ ಪಡೆಯಬೇಕು. ನಮ್ಮ ರಾಜ್ಯದಲ್ಲಿ ಶುಲ್ಕ 10 ರೂ., ಉತ್ತರಕ್ಕೆ 30 ದಿನ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದೆಂಬ ನಿಯಮ ಬೇರೆ ಇದೆ. ಪರವಾಗಿಲ್ಲ, ಕನ್ನಡದಲ್ಲಿ 150 ಪದಕ್ಕೆ ಬಹಳ ಹಿಡಿಯುತ್ತದೆ. ಭಾರತದ ಪಾಸ್‌ಪೋರ್ಟ್ ಇನ್ನೂ ಇಟ್ಟುಕೊಂಡಿರುವವರು ತಾವೇ ಕೇಳಬಹುದು. ಬದಲಿಸಿಕೊಂಡವರು ಊರಿನಲ್ಲಿರುವ ಅಣ್ಣನ ಕೈಲೋ ಅಕ್ಕನ ಕೈಲೋ ಹಾಕಿಸಿ, ಈ ಹಕ್ಕು ಪ್ರಜೆಗಳಿಗೆ ಮಾತ್ರ.

ನಾನು ಒಂದು ಮಾದರಿ ಅರ್ಜಿ ಬರೆದಿಟ್ಟಿದ್ದೇನೆ, 112 ಪದ ಬಂದಿದೆ. ಕಳೆದ ಮೂರು ವರ್ಷಗಳಲ್ಲಿ ನಮ್ಮ ಜಿಲ್ಲೆಯ ಪ್ರತಿ ತಾಲೂಕಿನಿಂದ ಧನಸಹಾಯಕ್ಕೆ ಬಂದ ಅರ್ಜಿ ಎಷ್ಟು, ಯಾವ ಯೋಜನೆಯಡಿ, ಮಂಜೂರಾದದ್ದು ಎಷ್ಟು, ಮೊತ್ತ ಎಷ್ಟು, ತಿರಸ್ಕರಿಸಿದ್ದಕ್ಕೆ ಕೊಟ್ಟ ಕಾರಣ ಏನು ಎಂದು ಅದರಲ್ಲಿದೆ. ಬೇಕಾದವರು ಈ ಪತ್ರಕ್ಕೆ ಉತ್ತರ ಬರೆಯಿರಿ, ಕಳಿಸುತ್ತೇನೆ. ಬಂದ ಉತ್ತರಗಳನ್ನೆಲ್ಲ ಒಂದು ಕೋಷ್ಟಕಕ್ಕೆ ಹಾಕುವ ಕೆಲಸ ನನ್ನದು. ಬಾಗಲಕೋಟೆ ನಾನು ಹಿಡಿದಿದ್ದೇನೆ. ಧಾರವಾಡ, ಮಂಡ್ಯ, ಶಿವಮೊಗ್ಗಕ್ಕೆ ಗೆಳೆಯರು ಸಿಕ್ಕಿದ್ದಾರೆ. ಬೀದರ್, ಯಾದಗಿರಿ, ಚಾಮರಾಜನಗರಕ್ಕೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ.